ಎರಡು ಹೊಸದುರ್ಗಗಳು, ಒಂದು ಕಡಲ ಕೋಟೆ

ಹೊಸದುರ್ಗವೆಂದೊಡನೆ ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳ ಕಡೆಯವರಾದ ನಮಗೆ ನೆರೆಯ ತಾಲ್ಲೂಕಿನ ಪಟ್ಟಣವೇ ನೆನಪಿಗೆ ಬರುತ್ತದೆ. ಅಲ್ಲಿಯ ಗುಡ್ಡದ ಮೇಲೆ ಚಿತ್ರದುರ್ಗದ ಪಾಳೆಯಗಾರರು 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯೇ ಊರಿಗೆ ಹೆಸರನ್ನು ಕೊಟ್ಟಿತು. ಪಡುವಣ ಕಡಲಿನ ಕರೆಯಲ್ಲಿಯೂ ಇದೇ ಹೆಸರಿನದೊಂದು ಸ್ಥಳವುಂಟೆಂಬುದು ಬಹುಮಂದಿಗೆ ತಿಳಿಯದು. ಕಾಸರಗೋಡು ಜಿಲ್ಲೆಯ ಕಾಞಂಗಾಡು ಪಟ್ಟಣಕ್ಕೆ ಸೇರಿಕೊಂಡಿರುವ ಆ ಹೊಸದುರ್ಗವು ಕೆಳದಿಯ ಸೋಮಶೇಖರನಾಯಕನು ಕಟ್ಟಿಸಿದ ಕೋಟೆ. ಅಲ್ಲಿಯ ತಾಲ್ಲೂಕಿಗೆ ಈಗಲೂ ಅದೇ ಹೆಸರು. ಅಲ್ಲಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರು ಹೋದರೆ ಬೇಕಲದ ಕೋಟೆ ಸಿಕ್ಕುತ್ತದೆ. ದುರ್ಗದ ಸೀಮೆಯಿಂದ ಕಡಲನ್ನು ನೋಡಲು ಹೊರಡತಕ್ಕವರು ಈ ಕೋಟೆಯನ್ನು ಹೇಗೆ ನೋಡಬೇಕೆಂಬುದನ್ನು ಇಂದು ತಿಳಿಸಲೆಳಸುತ್ತೇವೆ.

ದಾರಿ ಸುಲಭವಾದುದು. ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗಗಳನ್ನು ದಾಟಿ, ಆಗುಂಬೆಯ ಘಟ್ಟವನ್ನಿಳಿದು, ಉಡುಪಿ ಮಂಗಳೂರುಗಳ ಮೇಲೆ ಕಾಸರಗೋಡನ್ನು ಸೇರಬೇಕು. ಮಳೆಗಾಲದಲ್ಲಿ ಅಲ್ಲಿಯ ಕಡಲು ಬಹಳ ಒರಟು. ಆದುದರಿಂದ ಮಳೆ ಹಿಂದೆಗೆದ ಮೇಲೆ ಹೋಗುವುದು ಲೇಸು.

ಮೊದಲು ಕಲ್ಲನ್ನು ನೋಡಬೇಕು. ನಮ್ಮ ದುರ್ಗದಲ್ಲಿ ಬಂಡೆಯೇ ಅರ್ಧ ಕೋಟೆ. ಮನುಷ್ಯನು ಬಂಡೆ ಬಂಡೆಗಳ ನಡುವಣ ಸಂದುಗಳನ್ನು ಗೋಡೆಯಿಂದ ಮುಚ್ಚಿ ಏಳು ಸುತ್ತುಗಳನ್ನು ಮಾಡಿಕೊಂಡನು. ಬೇಕಲದಲ್ಲಿ ಅಂತಹ ಬೆಟ್ಟವಿಲ್ಲ. ಕಡಲಿಗೆ ಚಾಚಿಕೊಂಡಿರುವ ಒಂದು ದಿಬ್ಬ, ಅದರ ಮೇಲೆ ಸುಮಾರು 40 ಎಕರೆ ನೆಲ. ಸುತ್ತಲೂ ಕೆಂಪು ಮುರಕಲ್ಲಿನ ಗೋಡೆ. ಈ ಕಲ್ಲು ನೆಲದೊಳಗಿರುವಾಗ ಕೊಡಲಿಗೂ ಬಗ್ಗುವಷ್ಟು ಮೆದು. ಗಾಳಿ ಬಿಸಿಲುಗಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು 1800ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಬುಕಾನನ್ ಎಂಬ ವೈದ್ಯ. ಇಟ್ಟಿಗೆಯಂತೆ ಕತ್ತರಿಸಬಹುದಾದ ಕಲ್ಲಾದುದರಿಂದ ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಯೆಂಬರ್ಥದ ಪದವನ್ನೇ ಅವನು ಹಿಡಿದನು.

ಇನ್ನು ಗೋಡೆಯ ಕಂಡಿಗಳು. ಇವನ್ನು ನೋಡದೆ ಬರಬಾರದು. ಒಂದೊಂದು ಸಾಲಿಗೂ ಇಳಿಜಾರು ಬೇರೆ: ಮೇಲಿನವು ದೂರದಲ್ಲಿರುವ ಶತ್ರುವಿಗೆ, ಅದಕ್ಕಿಂತ ಕೆಳಗಿನವು ಸಮೀಪಿಸಿದವನಿಗೆ, ಎಲ್ಲಕ್ಕೂ ಕೆಳಗಿನವು ಗೋಡೆಯ ಬುಡಕ್ಕೇ ಬಂದು ನಿಂತವನಿಗೆ. ಒಳಗೆ ಮೆಟ್ಟಿಲುಗಳುಳ್ಳ ಕೊಳ, ಮದ್ದಿನ ಮನೆ, ನಡುವೆ ಟಿಪ್ಪುವಿನ ಹೆಸರಿನಿಂದ ಕರೆಯುವ ಕಾವಲು ಗೋಪುರ. ಗೋಪುರಕ್ಕೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿಯುಂಟು. ಮೇಲೆ ನಿಂತರೆ ದಕ್ಷಿಣದ ಪಳ್ಳಿಕ್ಕೆರೆಯ ಮರಳದಂಡೆಯೂ, ಕೋಟೆಯ ಬುಡಕ್ಕೆ ಬಡಿಯುವ ಅಲೆಗಳೂ, ಉತ್ತರದ ತೆಂಗಿನ ತೋಪುಗಳೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಇಲ್ಲಿಗೆ ಬರುವ ಪ್ರವಾಸಿಕರಲ್ಲಿ ಅನೇಕರು 1995ರ 'ಬಾಂಬೆ' ಚಲನಚಿತ್ರದ ಹಾಡನ್ನು ತೆಗೆದ ಜಾಗ ಯಾವುದೆಂದು ಹುಡುಕಿ ಹೊರಟುಬಿಡುತ್ತಾರೆ. ಕಂಡಿಗಳ ಕಡೆ ತಿರುಗುವವರು ವಿರಳ. ಕೋಟೆಯೊಳಗೆ ಅರಮನೆಯಿರಲಿಲ್ಲವೆಂಬ ಹಳೆಯ ಮಾತನ್ನು ಪುರಾತತ್ತ್ವ ಇಲಾಖೆಯವರು 1997ರಿಂದ 2001ರವರೆಗೆ ನಡೆಸಿದ ಉತ್ಖನನವು ಸಡಿಲಿಸಿತು. ಇಕ್ಕೇರಿಯ ಕಾಲದ ಕಟ್ಟಡಗಳ ಅಡಿಪಾಯಗಳು ಆಗ ಬೆಳಕಿಗೆ ಬಂದವು.

ಇಂತಹ ಕೋಟೆ ಇಲ್ಲೇಕೆ? ಅಕ್ಕಿ, ಮೆಣಸುಗಳ ವ್ಯಾಪಾರಕ್ಕಾಗಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡು ಕುಳಿತಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಕದಲಿಸಿದನು. ಕರಾವಳಿಯನ್ನು ಗೆದ್ದವನಿಗೆ ಅದನ್ನು ಕಾಯುವ ಹೊರೆಯೂ ಬಂದಿತು. ಬೇಕಲದ ಕೋಟೆಯನ್ನು ಅವನ ಹೆಸರಿಗೇ ಸೇರಿಸುವುದು ವಾಡಿಕೆ. ಈ ಕರಾವಳಿ ಕೆಳದಿಯವರ ಕೈತಪ್ಪಿದ ಕಥೆಯಲ್ಲಿ ನಮ್ಮ ದುರ್ಗಕ್ಕೂ ಪಾಲುಂಟು. ಬಿದನೂರಿನ ಗಾದಿ ತನ್ನದೆಂದು ಹೇಳಿಕೊಂಡು ಬಂದವನೊಬ್ಬನನ್ನು ಚಿತ್ರದುರ್ಗದ ಮದಕರಿನಾಯಕನು ಹೈದರಾಲಿಗೆ ಪರಿಚಯಿಸಿದನು. ಅದೇ ನೆಪವಾಗಿ 1763ರಲ್ಲಿ ಹೈದರನು ಬಿದನೂರನ್ನು ಹಿಡಿದನು; ಅದರೊಡನೆ ಘಟ್ಟದ ಕೆಳಗಿನ ಕೋಟೆಗಳೂ ಅವನವಾದವು. ಹದಿನಾರು ವರ್ಷಗಳ ಮೇಲೆ, 1779ರಲ್ಲಿ, ಅದೇ ಹೈದರನು ಚಿತ್ರದುರ್ಗವನ್ನು ಹಿಡಿದು ಮದಕರಿಯನ್ನು ಸೆರೆಯೊಯ್ದನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬೇಕಲವು ಕುಂಪಣಿಯ ಪಾಲಾಯಿತು. ಅವರಿಗೆ ಕೋಟೆ ಬೇಕಾಗಿರಲಿಲ್ಲ, ಕಂದಾಯ ಬೇಕಾಗಿತ್ತು. ಕೆಲವು ಕಾಲ ಬೇಕಲವು ತಾಲ್ಲೂಕಿನ ಕೇಂದ್ರವಾಗಿದ್ದು, ಮುಂದೆ ಆ ಪದವಿಯೂ ಕಾಸರಗೋಡಿಗೆ ಹೋಯಿತು.

ಕೋಟೆ ಬಿದ್ದ ಮೇಲೆ ಕಾವಲಿನವರ ಗತಿ ಏನಾಯಿತು? ದುರ್ಗದಿಂದ ಸುಮಾರು 20,000 ಬೇಡರನ್ನು ಹೈದರನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನೆಂದೂ, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಬೇಕಲದಲ್ಲಿ ಹಾಗಾಗಲಿಲ್ಲ. ಕೆಳದಿಯವರ ಕಾಲದಲ್ಲಿ ಕಾವಲಿಗೆ ನಿಂತ ಕೋಟೆಗಾರರು, ಎಂದರೆ ರಾಮಕ್ಷತ್ರಿಯರು, ಅಲ್ಲಿಯೇ ನೆಲೆನಿಂತರು. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿತು. ಸುತ್ತಲ ಬೀದಿಯ ಮಾತು ಮಲಯಾಳ. ಆದರೂ ಬೇಕಲ, ಹೊಸದುರ್ಗಗಳ ಈ ಮನೆಗಳಲ್ಲಿ ಕನ್ನಡ ಉಳಿದುಕೊಂಡಿದೆ. ಸಮಯವಿದ್ದವರು ಪಳ್ಳಿಕ್ಕೆರೆಯ ಮರಳಿನಲ್ಲಿ ಸೂರ್ಯಾಸ್ತವನ್ನು ನೋಡಿ, ಮರುದಿನ ಬೆಳಗ್ಗೆ ಆ ಹೊಸದುರ್ಗಕ್ಕೂ ಹೋಗಿಬರಬಹುದು. ಕೋಟೆಯೆಂದು ಅಲ್ಲಿ ಉಳಿದಿರುವುದು ಸ್ವಲ್ಪವೇ. ಆದರೆ ದಾರಿಯನ್ನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುವುದೂ ಉಂಟು.