ಬಂದೂಕು ಹಿಡಿದ ಕೈಗೆ ಕೂರಿಗೆ

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯ ಹಳ್ಳಿಗಳಲ್ಲಿ ‘ಮಿಲಿಟರಿ’ ಎಂದು ಅಡ್ಡಹೆಸರು ಬಿದ್ದವರು ಅಲ್ಲಲ್ಲಿ ಸಿಗುತ್ತಾರೆ. ಯಲಬುರ್ಗಾ ತಾಲೂಕಿನ ನಮ್ಮ ಊರಲ್ಲಿ ಆ ಹೆಸರು ನನಗೆ. 1976ರಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಭರ್ತಿಯಾದೆ. 17 ವರ್ಷ ನೌಕರಿ ಮಾಡಿ 1993ರಲ್ಲಿ ಊರಿಗೆ ಬಂದೆ. ಅಲ್ಲಿಂದ ಇಲ್ಲಿಯ ತನಕ ಆರು ಎಕರೆ ಒಣಬೇಸಾಯ. ನಾಲ್ಕು ಎಕರೆ ಎರಿ, ಎರಡು ಎಕರೆ ಮಸಾರಿ.

ಈಗ ನಮ್ಮ ಓಣಿಯ ಹುಡುಗರು ನಸುಕಿನಲ್ಲೇ ಎದ್ದು ಡಾಂಬರು ರಸ್ತೆ ಮೇಲೆ ಓಡುತ್ತಾರೆ. ‘ಮಿಲಿಟರಿ ಕಾಕಾ, ಏನ್ ತಯಾರಿ ಮಾಡಬೇಕ್ರೀ?’ ಎಂದು ಕೇಳುತ್ತಾರೆ. ಅವರಿಗೆ ಹೇಳುವ ಮಾತನ್ನೇ ರೈತ ಬಂಧುಗಳ ಮುಂದೆಯೂ ಇಡುತ್ತಿದ್ದೇನೆ.

ಈ ನೆಲಕ್ಕೆ ಬಂದೂಕು ಹೊಸದಲ್ಲ

ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನ 1786ರಲ್ಲಿ ವಶಕ್ಕೆ ತಗೊಂಡು, ಫ್ರೆಂಚ್ ಎಂಜಿನಿಯರುಗಳಿಂದ ಭದ್ರ ಮಾಡಿಸಿದ. 1790ರಲ್ಲಿ ಇಂಗ್ಲಿಷರು ಮತ್ತು ನಿಜಾಮನ ದಂಡು ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತ ಮೇಲೆಯೇ ಅದು ಬಿದ್ದದ್ದು.

1857ರಲ್ಲಿ ಕಂಪನಿ ಸರಕಾರ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳ ಸೀಮೆಯ ಹಲಗಲಿ ಬೇಡರು ಕೊಡುವುದಿಲ್ಲ ಎಂದು ನಿಂತು ಸತ್ತರು. ಮರು ವರ್ಷ, 1858ರ ಮೇ ತಿಂಗಳಲ್ಲಿ, ಕಿಡಿ ನಮ್ಮ ಕಡೆ ಹಾರಿತು. ಹಮ್ಮಿಗಿ ಕೆಂಚನಗೌಡರ ಮನೆಯಲ್ಲಿ ಬಚ್ಚಿಟ್ಟ ಆಯುಧಗಳನ್ನು ಸರಕಾರ ಪತ್ತೆ ಮಾಡಿ ಕಾವಲು ಹಾಕಿತ್ತು. ಮುಂಡರಗಿ ಭೀಮರಾಯರು ಆ ಕಾವಲಿನ ಮೇಲೆ ಬಿದ್ದು ಆಯುಧ ಬಿಡಿಸಿಕೊಂಡರು. ಡಂಬಳದ ಖಜಾನೆ ಒಡೆದರು. ಅಲ್ಲಿಂದ ಬಂದು ಕೊಪ್ಪಳ ಕೋಟೆ ಹಿಡಿದರು. ಜೂನ್ 1ರಂದು ಕಂಪನಿಯ ಪಡೆ ಕೋಟೆಗೆ ನುಗ್ಗಿತು. ಭೀಮರಾಯರೂ ಕೆಂಚನಗೌಡರೂ ಅಲ್ಲೇ ಮಡಿದರು.

ಮಕ್ಕಳನ್ನು ಕೋಟೆ ತೋರಿಸಲು ಕರೆದೊಯ್ಯುವವರು ಈ ಮಾತನ್ನೂ ಹೇಳಬೇಕು. ಬರೀ ‘ಕೋಟೆ ಎಷ್ಟು ಎತ್ತರ ಐತಿ ನೋಡು’ ಎಂದರೆ ಸಾಲದು.

ಕಣಿಕಿ ಬಂಡಿಯ ಕತೆ

1947ರ ಆಗಸ್ಟ್ 15ಕ್ಕೆ ನಮ್ಮ ಸೀಮೆಗೆ ಸ್ವಾತಂತ್ರ್ಯ ಬರಲಿಲ್ಲ. ನಾವು ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದೆವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರಜಂಗರ ಜಹಗೀರು. ರಜಾಕಾರರ ಹಾವಳಿ ಹೆಚ್ಚಾದಾಗ ಹೋರಾಟಗಾರರು ಗಡಿಯಾಚೆ, ಆಗಿನ ಮುಂಬಯಿ ಪ್ರಾಂತದೊಳಗೆ ಶಿಬಿರ ಕಟ್ಟಿದರು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳತ್ವ. ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರದು.

ನಮ್ಮ ಊರಿಗೆ ಗಜೇಂದ್ರಗಡ ಹತ್ತಿರ. ನಮ್ಮಜ್ಜ ಶಿಬಿರ ಸೇರಿದವನಲ್ಲ. ಆದರೆ ರಾತ್ರಿ ಹೊತ್ತು ಜೋಳದ ಚೀಲ, ಕಟಿ ರೊಟ್ಟಿ ಗಂಟು ಕಣಿಕಿ ಬಂಡಿಯೊಳಗೆ ಇಟ್ಟು ಗಡಿ ದಾಟಿಸುತ್ತಿದ್ದನಂತೆ. ಒಂದೆರಡು ಸಲ ಕಣಿಕಿಯೊಳಗೆ ಬಂದೂಕೂ ಹೋದವು ಎಂದು ನಮ್ಮಪ್ಪ ಹೇಳುತ್ತಿದ್ದ. ಮನೆಯ ಹಗೇವಿನಲ್ಲಿ ಜೋಳದ ಕೆಳಗೆ ಎರಡು ದಿನ ಬಂದೂಕು ಮುಚ್ಚಿಟ್ಟದ್ದೂ ಉಂಟಂತೆ. ‘ಹಗೇವಿನ ಬಾಯಿ ತೆಗದಾಗ ನಿಮ್ಮಜ್ಜಿ ಎದಿ ಡವಡವ ಅಂತಿತ್ತು’ ಎನ್ನುತ್ತಿದ್ದ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ರಾಜ್ಯದೊಳಗೆ ಬಂತು. 17ಕ್ಕೆ ನಿಜಾಮ ಸೋಲೊಪ್ಪಿಕೊಂಡ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಮುಂದೆ ಶರಣಾದ. ಅದಕ್ಕೇ ನಮ್ಮಲ್ಲಿ ವರ್ಷಕ್ಕೆ ಮೂರು ಸಲ ಧ್ವಜ ಏರುತ್ತದೆ: ಜನವರಿ 26, ಆಗಸ್ಟ್ 15, ಸೆಪ್ಟೆಂಬರ್ 17. ಈ ಮೂರನೆಯದನ್ನು ಮೊದಲು ವಿಮೋಚನಾ ದಿನ ಎನ್ನುತ್ತಿದ್ದೆವು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂದಾಗಿದೆ.

ಗಡಿ ಶಿಬಿರಗಳಲ್ಲಿದ್ದವರಿಗೂ ಮುಂದೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂತು. ಒಳ್ಳೆಯದೇ. ಆದರೆ ರೊಟ್ಟಿ ಬಡಿದವರ, ಬಂಡಿ ಹೊಡೆದವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ನಮ್ಮಜ್ಜನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಂಥ ಒಕ್ಕಲಿಗರು ಎಷ್ಟು ಜನರೋ!

ನಾ ಕಂಡ ಬಂದೂಕುಗಳು

1857ರ ದಂಗೆಗೆ ಕಿಡಿ ಹೊತ್ತಿಸಿದ್ದು ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾ ಎಂದು ಶಾಲೆಯಲ್ಲಿ ಓದಿದ್ದೀರಿ. ಅದನ್ನು ಬಾಯಿಂದ ಹರಿದು, ನಳಿಗೆಯ ಮೂತಿಯಿಂದ ಮದ್ದು ತುಂಬಬೇಕಿತ್ತು. ಅದೇ ಹೆಸರಿನ ಮುಂದಿನ ತಲೆಮಾರೇ ನಮ್ಮ ‘ತ್ರೀ ನಾಟ್ ತ್ರೀ’, ಲೀ-ಎನ್‌ಫೀಲ್ಡ್ ರೈಫಲ್. ಮ್ಯಾಗಜಿನ್‌ನಲ್ಲಿ ಹತ್ತು ಗುಂಡು, ತೂಕ ಸುಮಾರು ನಾಲ್ಕು ಕಿಲೋ. ಪ್ರತಿ ಗುಂಡಿಗೂ ಬೋಲ್ಟ್ ಎಳೆದು ದೂಡಬೇಕು. ಕೋಲ್ಕತಾ ಹತ್ತಿರದ ಇಷಾಪುರ ಕಾರ್ಖಾನೆಯಲ್ಲಿ ನಮ್ಮ ದೇಶದಲ್ಲೇ ಮಾಡುತ್ತಿದ್ದರು.

ನಾನು ಮೊದಲು ಇದನ್ನು ಮುಟ್ಟಿದ್ದು ಎನ್‌ಸಿಸಿಯಲ್ಲಿ. ಕವಾಯತಿಗೆ ಕೊಡುತ್ತಿದ್ದದ್ದು ನಳಿಗೆಗೆ ತೂತು ಕೊರೆದ, ಗುಂಡು ಹಾರದ ಬಂದೂಕು. ಶಿಬಿರದಲ್ಲಿ ಒಮ್ಮೆ ಹಾರುವ ಬಂದೂಕು ಕೊಟ್ಟರು. ಹಿಮ್ಮಡ ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿಯದಿದ್ದವರ ಭುಜ ಎರಡು ದಿನ ಊದಿತ್ತು.

1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಜವಾನರು ಹಿಮದೊಳಗೆ ನಿಂತದ್ದು ಇದೇ ಬಂದೂಕು ಹಿಡಿದು. ಎದುರಿನವರ ಕೈಯಲ್ಲಿ ತಾನಾಗಿ ಗುಂಡು ಹಾರಿಸುವ ಹೊಸ ಬಂದೂಕುಗಳಿದ್ದವು. ಆ ಯುದ್ಧದ ನಂತರ ಎಸ್‌ಎಲ್‌ಆರ್ ಬಂತು. ಇಪ್ಪತ್ತು ಗುಂಡಿನದು, ಬೋಲ್ಟ್ ಎಳೆಯುವ ಕೆಲಸವಿಲ್ಲ. ನನ್ನ ನೌಕರಿಯೆಲ್ಲ ಅದರ ಜೊತೆಗೇ ಕಳೆಯಿತು. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಇನ್ಸಾಸ್ ಬಂದಿತ್ತು. ಪೊಲೀಸರ ಹೆಗಲ ಮೇಲೆ ಮಾತ್ರ ತ್ರೀ ನಾಟ್ ತ್ರೀ ಇನ್ನೂ ಎಷ್ಟೋ ವರ್ಷ ಇತ್ತು.

ಹಂದಿ ಕಾಟ ಹೆಚ್ಚಾದಾಗ ‘ಬರುವಾಗ ಒಂದ್ ಬಂದೂಕ ತರಬೇಕಿತ್ತಲೋ’ ಎಂದು ನೆರೆಹೊಲದವರು ಚೇಷ್ಟೆ ಮಾಡುತ್ತಾರೆ. ಜವಾನನ ಬಂದೂಕು ಜವಾನನದಲ್ಲ. ಕೆಲಸ ಮುಗಿದ ಮೇಲೆ ‘ಕೋತ್’ ಎನ್ನುವ ಆಯುಧದ ಕೋಣೆಗೆ ನಂಬರು ಹೇಳಿ ಒಪ್ಪಿಸಬೇಕು. ನಿವೃತ್ತನಾದಾಗ ಜೊತೆಗೆ ಬರುವುದು ಟ್ರಂಕು ಒಂದೇ!

ಬೆಳೆ ರಕ್ಷಣೆಗೆ ಬಂದೂಕು ಬೇಕೆಂದರೆ ಲೈಸೆನ್ಸ್ ಪಡೆಯಲೇಬೇಕು. ತ್ರೀ ನಾಟ್ ತ್ರೀಯಂಥ ಸೈನ್ಯದ ಅಳತೆಯ ರೈಫಲ್ ನಿಷೇಧಿತ ವರ್ಗದ್ದು. ಹಳೆ ಮನೆ ಕೆಡವುವಾಗ, ಹಗೇವು ಮುಚ್ಚುವಾಗ ಹಳೆ ಬಂದೂಕು ಸಿಕ್ಕರೆ ‘ಅಜ್ಜನ ನೆನಪು’ ಎಂದು ಇಟ್ಟುಕೊಳ್ಳಬೇಡಿ. ಪೊಲೀಸ್ ಠಾಣೆಗೆ ತಿಳಿಸಿ, ಬರೆದುಕೊಟ್ಟು, ರಸೀದಿ ಪಡೆಯಿರಿ. 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ ಸೆರೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೂ ಶಿಕ್ಷೆ ಇದೆ.

ಹೊಲಕ್ಕೆ ಬಂದ ಎರಡು ಪಾಠ

ಒಂದು, ಸ್ವಚ್ಛತೆ. ತ್ರೀ ನಾಟ್ ತ್ರೀಯ ಹಿಮ್ಮಡದೊಳಗೇ ಎಣ್ಣೆ ಸೀಸೆ, ತೂಕದ ಗುಂಡು ಕಟ್ಟಿದ ದಾರ ಇರುತ್ತಿದ್ದವು. ದಾರಕ್ಕೆ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವುದು ದಿನದ ಕೆಲಸ. ನನ್ನ ಔಷಧಿ ಪಂಪಿಗೂ ಅದೇ ಶಿಸ್ತು. ಹೊಡೆದ ದಿನವೇ ಶುದ್ಧ ನೀರಿನಲ್ಲಿ ಮೂರು ಸಲ ತೊಳೆಯುತ್ತೇನೆ. ನಾಜಲ್ಲಿಗೆ ತಂತಿ ಚುಚ್ಚುವುದಿಲ್ಲ, ತೂತು ದೊಡ್ಡದಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಸಾಕು.

ಎರಡು, ಅಗೆತ. ಮೋರ್ಚಾ ತೋಡುವಾಗ ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆಂದು ಮೊದಲು ನೋಡುತ್ತಿದ್ದೆವು. ಊರಿಗೆ ಬಂದ ವರ್ಷವೇ ಮಸಾರಿ ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ತಗ್ಗು ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ ಒಡ್ಡು ಮಾಡಿದೆ. ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ ಇಟ್ಟೆ. ಆ ಹೊಲದ ಶೇಂಗಾ ಒಂದು ಮಳೆ ತಪ್ಪಿದರೂ ತಡೆದುಕೊಳ್ಳುತ್ತದೆ.

ಮಗನನ್ನು ಕಳಿಸುವ ಮುನ್ನ

ನಮ್ಮ ಕಾಲದಲ್ಲಿ 15 ವರ್ಷ ನೌಕರಿ ಮಾಡಿದ ಜವಾನನಿಗೆ ಜೀವಮಾನದ ಪಿಂಚಣಿ ಇತ್ತು. ಬರ ಬಂದ ವರ್ಷ ನಮ್ಮ ಮನೆಯ ಒಲೆ ಉರಿದದ್ದು ಆ ಪಿಂಚಣಿಯಿಂದ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ಅದರ ಲೆಕ್ಕ ಬೇರೆ. ಸೇವೆ ನಾಲ್ಕು ವರ್ಷ. ಸಂಬಳ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000. ಅದರಲ್ಲಿ ನೂರಕ್ಕೆ 30 ಮುರಿದು, ಸರಕಾರವೂ ಅಷ್ಟೇ ಸೇರಿಸಿ, ಕೊನೆಗೆ ಬಡ್ಡಿ ಸಮೇತ ಸುಮಾರು 11.71 ಲಕ್ಷ ಕೊಡುತ್ತದೆ. ನೂರಕ್ಕೆ 25 ಜನರ ತನಕ ಖಾಯಂ ಆಗುತ್ತಾರೆ. ಉಳಿದವರು ಮನೆಗೆ, ಅವರಿಗೆ ಪಿಂಚಣಿ ಇಲ್ಲ.

‘ತಮ್ಮಾ, ನಾಕ ವರ್ಷ ಆದಮ್ಯಾಲ ಏನ್ ಮಾಡ್ತೀ?’ ಎಂದು ನಮ್ಮ ಓಣಿಯ ಹುಡುಗನನ್ನು ಕೇಳಿದೆ.

‘ಬರ್ತೀನ್ರೀ ಕಾಕಾ, ಹೊಲ ಐತಲ್ಲ’ ಅಂದ.

ಹೊಲ ಇರಬೇಕಲ್ಲ! ಕೋಚಿಂಗಿಗೆ ಎಂದು ಹೊಲ ಒತ್ತಿ ಇಟ್ಟವರನ್ನು ನೋಡಿದ್ದೇನೆ. ‘ಭರ್ತಿ ಮಾಡಿಸ್ತೀನಿ’ ಎಂದ ದಲ್ಲಾಳಿಯ ಕೈಗೆ ಎತ್ತು ಮಾರಿದ ದುಡ್ಡು ಕೊಟ್ಟವರನ್ನೂ ನೋಡಿದ್ದೇನೆ. ಭರ್ತಿ ಮಾಡಿಸಲು ಯಾರಿಗೂ ಲಂಚ ಕೊಡುವ ಕಾರಣವಿಲ್ಲ. ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಆಮೇಲೆ 1,600 ಮೀಟರ್ ಓಟ ಮತ್ತು ವೈದ್ಯರ ತಪಾಸಣೆ. ಓಡುವ ಕಾಲಿಗಿಂತ ಮೊದಲು ಓದುವ ಕಣ್ಣು ಬೇಕು. ಹತ್ತನೆಯ ತರಗತಿಯ ಗಣಿತ ಗಟ್ಟಿ ಮಾಡಿಸಿ.

ಹುಡುಗ ಹೋದ ಮೇಲೆ ಹೊಲವನ್ನು ಬೀಳು ಬಿಡಬೇಡಿ. ಪಾಲಿಗೆ ಕೊಟ್ಟರೂ ಒಡ್ಡು ಕಾಯುವ ಮಾತನ್ನು ಮೊದಲೇ ಆಡಿಕೊಳ್ಳಿ. ತಿರುಗಿ ಬಂದಾಗ ಆ ಹನ್ನೊಂದು ಲಕ್ಷವನ್ನು ಒಂದರ ಮೇಲೊಂದು ಬೋರು ಕೊರೆಸಿ ಮುಗಿಸಬೇಡಿ. ಅರ್ಧ ಬ್ಯಾಂಕಿನಲ್ಲಿರಲಿ. ಉಳಿದದ್ದರಲ್ಲಿ ಕೃಷಿ ಹೊಂಡ, ನಾಲ್ಕು ಎಮ್ಮೆ ಇಲ್ಲವೆ ಕುರಿ ಆದೀತು.

ಇನ್ನೊಂದು ವಿನಂತಿ. 1948ನ್ನು ಕಣ್ಣಾರೆ ಕಂಡ ಹಿರಿಯರು ಈಗ ಊರಿಗೆ ಒಬ್ಬರು ಉಳಿದಿದ್ದರೆ ಹೆಚ್ಚು. ಅವರ ಮಾತನ್ನು ಶಾಲೆ ಮಕ್ಕಳ ಕೈಯಿಂದ ಬರೆಸಿ. ಯಾರು ಬಂಡಿ ಹೊಡೆದರು, ಯಾರ ಮನೆಯಲ್ಲಿ ರೊಟ್ಟಿ ಬಡಿದರು, ಯಾವ ಹಗೇವಿನಲ್ಲಿ ಏನು ಇತ್ತು ಎಲ್ಲವೂ ಬರಲಿ. ಬರುವ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿದ ಮೇಲೆ ಆ ಹೆಸರುಗಳನ್ನು ಗಟ್ಟಿಯಾಗಿ ಓದಿಸಿ. ಇದಕ್ಕೆ ಯಾವ ಸರಕಾರದ ಅನುದಾನವೂ ಬೇಡ. ಒಂದು ಇನ್ನೂರು ಪುಟದ ನೋಟುಬುಕ್ ಸಾಕು.