ಬಾಲಿಕೆಯರ ಅಂಗಸಾಧನೆಯೂ ದಮ್ಮಿನ ಬೆಳವಣಿಗೆಯೂ

ಪಾಠಶಾಲೆಯ ಕ್ರೀಡೋತ್ಸವವು ಸಮೀಪಿಸಿತೆಂದರೆ ಮೈದಾನದಲ್ಲಿ ಒಂದು ವಿಶೇಷವಾದ ಗಡಿಬಿಡಿಯು ಕಾಣಬರುವುದು. ಜೂನ್ ತಿಂಗಳಿನಿಂದ ಜಗಲಿಯ ನೆರಳಿನಲ್ಲಿ ಕುಳಿತಿದ್ದ ಬಾಲಿಕೆಯರು ಹತ್ತು ದಿನಗಳೊಳಗಾಗಿ ಓಟಗಾರ್ತಿಯರಾಗಬೇಕೆಂದು ಹಟ ಹಿಡಿದು ಓಡುವರು. ಎರಡನೆಯ ಸುತ್ತಿನಲ್ಲಿಯೇ ಪಕ್ಕೆ ಹಿಡಿದುಕೊಂಡು ನಿಲ್ಲುವರು. ಮೂರನೆಯ ದಿನ ಕಾಲುನೋವೆಂದು ಮನೆಯಲ್ಲಿಯೇ ಉಳಿಯುವರು. ಆಗ ಮನೆಯವರು ಹೇಳುವ ಮಾತು ಒಂದೇ: “ನಮ್ಮ ಹುಡುಗಿಗೆ ದಮ್ಮಿಲ್ಲ.” ದಮ್ಮೆಂಬುದು ಕೆಲವರಿಗೆ ಹುಟ್ಟಿನೊಡನೆ ಬಂದ ವರವೆಂದೂ, ಉಳಿದವರಿಗೆ ಅದು ಎಂದಿಗೂ ದೊರೆಯದೆಂದೂ ಈ ಮಾತಿನ ಅಭಿಪ್ರಾಯ. ಇದು ಸರಿಯಾದ ಎಣಿಕೆಯಲ್ಲ. ಹುಟ್ಟಿನಿಂದ ಬರುವ ಹೆಚ್ಚುಕಡಿಮೆಗಳು ಇರುವುದು ನಿಜವಾದರೂ, ದಮ್ಮು ಬಹುಮಟ್ಟಿಗೆ ಕಾಲಕ್ರಮದಲ್ಲಿ ಬೆಳೆಯತಕ್ಕದ್ದು. ಅದು ಬೆಳೆಯದೆ ಹೋದಲ್ಲಿ ಕಾರಣವನ್ನು ಹುಡುಗಿಯ ಸ್ವಭಾವದಲ್ಲಿ ಹುಡುಕುವುದಕ್ಕೆ ಮೊದಲು ಅವಳ ರಕ್ತದಲ್ಲಿಯೂ ದಿನಚರಿಯಲ್ಲಿಯೂ ಹುಡುಕಬೇಕು. ಇಷ್ಟನ್ನು ಪೋಷಕರಿಗೂ ಹಿಂದಿನ ವಿದ್ಯಾರ್ಥಿನಿಯರಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ದಮ್ಮೆಂದರೇನು? ನಾವು ಓಡುವಾಗ ಕಾಲಿನ ಸ್ನಾಯುಗಳಿಗೆ ಎಡೆಬಿಡದೆ ಪ್ರಾಣವಾಯುವು ದೊರೆಯುತ್ತಿರಬೇಕು. ಈ ಕಾರ್ಯಕ್ಕೆ ದೇಹದಲ್ಲಿ ನಾಲ್ವರು ಕೆಲಸಗಾರರಿರುವರು. ಪುಪ್ಪುಸಗಳು ಗಾಳಿಯಿಂದ ಪ್ರಾಣವಾಯುವನ್ನು ಒಳಗೆ ಸೆಳೆಯುವುವು. ರಕ್ತವು ಅದನ್ನು ಹೊರುವುದು. ಹೃದಯವು ಆ ರಕ್ತವನ್ನು ಮುಂದಕ್ಕೆ ದೂಡುವುದು. ಸ್ನಾಯುಗಳು ಅದನ್ನು ಉಪಯೋಗಿಸಿಕೊಂಡು ಆಹಾರದಿಂದ ಶಕ್ತಿಯನ್ನು ಉಂಟುಮಾಡುವುವು. ಈ ನಾಲ್ವರಲ್ಲಿ ಯಾರೊಬ್ಬರು ಹಿಂದುಳಿದರೂ ಉಳಿದ ಮೂವರ ಶ್ರಮವು ವ್ಯರ್ಥವಾಗುವುದು. ನಾಲ್ವರೂ ಒಂದುಗೂಡಿ ಬಹಳ ಹೊತ್ತು ದುಡಿಯಬಲ್ಲ ಸ್ಥಿತಿಗೇ ದಮ್ಮೆಂದು ಹೆಸರು.

ಕ್ರಮವಾಗಿ ವ್ಯಾಯಾಮ ಮಾಡುವವಳ ದೇಹದಲ್ಲಿ ಈ ಕೆಲಸಗಾರರು ಒಬ್ಬೊಬ್ಬರಾಗಿ ಬಲಗೊಳ್ಳುವರು. ಆದರೆ ಎಲ್ಲರೂ ಒಂದೇ ವೇಗದಲ್ಲಿ ಅಲ್ಲ. ಮೊದಲನೆಯ ಒಂದೆರಡು ವಾರಗಳಲ್ಲಿ ರಕ್ತದ ದ್ರವಭಾಗವು ಹೆಚ್ಚುವುದು. ಕೆಲವು ವಾರಗಳಲ್ಲಿ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡಲು ಕಲಿಯುವುದು. ಸ್ನಾಯುವಿನೊಳಗೆ ಶಕ್ತಿಯನ್ನು ಉಂಟುಮಾಡುವ ಸೂಕ್ಷ್ಮಾಂಗಗಳೂ, ಅದನ್ನು ಸುತ್ತಿರುವ ಕೂದಲೆಳೆಯಂತಹ ರಕ್ತನಾಳಗಳೂ ಹೆಚ್ಚುವುವು. ಎಲುಬುಗಳೂ ಸ್ನಾಯುಬಂಧಗಳೂ ಗಟ್ಟಿಯಾಗಬೇಕಾದರೆ ತಿಂಗಳುಗಳೇ ಬೇಕು. ಆದಕಾರಣ ಉಸಿರು ಸಿದ್ಧವಾಯಿತೆಂದು ಒಮ್ಮೆಗೇ ಓಟವನ್ನು ಹೆಚ್ಚಿಸಿದವಳಿಗೆ ಮೊಣಕಾಲು, ಕಣಕಾಲುಗಳಲ್ಲಿ ನೋವುಂಟಾಗುವುದು. ಹತ್ತು ದಿನದ ಹಟದಿಂದ ಏನೂ ಸಿದ್ಧಿಸದೆ ಇರುವುದಕ್ಕೆ ಕಾರಣವು ಇದೇ.

ನಮ್ಮ ನ್ಯೂ ಟೌನಿನವರಿಗೆ ಇದನ್ನು ತಿಳಿಯಹೇಳುವುದು ಸುಲಭ. ಈ ಬಡಾವಣೆಯು ಹುಟ್ಟಿದುದೇ ಕಬ್ಬಿಣದ ಕಾರ್ಖಾನೆಯ ಸಲುವಾಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ಯೋಜಿತವಾದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ತಯಾರಿಕೆಯು ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯಿಂದ ಮಾಡಿದ ಇದ್ದಲಿನಲ್ಲಿ ಕರಗಿಸುತ್ತಿದ್ದರು. ಅಂತಹ ಕುಲುಮೆಯನ್ನು ಹೊತ್ತಿಸಿದ ದಿನವೇ ಪೂರ್ಣವಾದ ಕಾವಿಗೆ ಏರಿಸುವ ಪದ್ಧತಿಯಿಲ್ಲ. ಮೊದಲು ಒಳಗಣ ಇಟ್ಟಿಗೆಯ ತೇವವನ್ನು ಆರಿಸಿ, ಆಮೇಲೆ ಮೆಲ್ಲಮೆಲ್ಲನೆ ಕಾವನ್ನು ಏರಿಸಬೇಕು. ಆತುರಪಟ್ಟರೆ ಇಟ್ಟಿಗೆಯು ಬಿರಿಯುವುದು. ಕಾರ್ಖಾನೆಯಲ್ಲಿ ದುಡಿದ ನಮ್ಮ ಮಕ್ಕಳ ತಾತಂದಿರು ಕುಲುಮೆಗೆ ತೋರಿಸಿದ ತಾಳ್ಮೆಯನ್ನು ನಾವು ಹೆಣ್ಣುಮಕ್ಕಳ ದೇಹಕ್ಕೂ ತೋರಿಸಬೇಕು.

ಕಬ್ಬಿಣದ ಮಾತು ಬಂದುದರಿಂದ ಇನ್ನೊಂದು ಕಬ್ಬಿಣದ ವಿಷಯವನ್ನು ಹೇಳಲೇಬೇಕು. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ವಸ್ತುವೇ ಪ್ರಾಣವಾಯುವನ್ನು ಹೊರುವುದು. ಅದು ಕಬ್ಬಿಣವಿಲ್ಲದೆ ಉಂಟಾಗದು. ವಯಸ್ಕರ ದೇಹದಲ್ಲಿರುವ ಕಬ್ಬಿಣವೆಲ್ಲವನ್ನೂ ಕೂಡಿಸಿದರೆ ಮೂರು ನಾಲ್ಕು ಗ್ರಾಂ ಮಾತ್ರ. ಅದರ ಹೆಚ್ಚಿನ ಭಾಗವು ಈ ಹಿಮೋಗ್ಲೋಬಿನ್ನಿನಲ್ಲಿಯೇ ಇರುವುದು. ಹನ್ನೆರಡು ವರ್ಷಕ್ಕೆ ಮೇಲ್ಪಟ್ಟ ಹುಡುಗಿಯ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆಯೆಂದು ವೈದ್ಯರು ಎಣಿಸುವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿ ರಕ್ತಹೀನರು. ಬೆಳವಣಿಗೆಯ ಭರವೂ ತಿಂಗಳಿಗೊಮ್ಮೆ ಆಗುವ ಋತುಸ್ರಾವವೂ ಈ ವಯಸ್ಸಿನಲ್ಲಿ ಒಟ್ಟಿಗೆ ಸೇರುವುದರಿಂದ ದೇಹದ ಕಬ್ಬಿಣವು ಬೇಗನೆ ಕರಗುವುದು.

ಇದರ ಅರ್ಥವನ್ನು ಪೋಷಕರು ಚೆನ್ನಾಗಿ ಆಲೋಚಿಸಬೇಕು. ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುವವಳು, ಪಾಠದಲ್ಲಿ ತೂಕಡಿಸುವವಳು, ಸಂಜೆ ಮನೆಗೆ ಬಂದೊಡನೆ ಮಲಗಿಬಿಡುವವಳು ಸೋಮಾರಿಯೇ ಆಗಿರಬೇಕೆಂಬ ನಿಯಮವಿಲ್ಲ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯು ಡ್ರಿಲ್ಲಿನ ಹೊತ್ತಿನಲ್ಲಿ ಸದಾ ಕುಳಿತುಬಿಡುತ್ತಿದ್ದಳು. “ಮನೆಯಲ್ಲಿಯೂ ಹೀಗೆಯೇ, ಮೈಗಳ್ಳಿ” ಎಂದು ತಾಯಿಯು ಬೇಸರದಿಂದ ಹೇಳಿದರು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಗ್ರಾಂಗಿಂತ ಕಡಿಮೆಯಿತ್ತು. ವೈದ್ಯರು ಕೊಟ್ಟ ಔಷಧಿಯನ್ನು ಸೇವಿಸಿ, ನಾಲ್ಕೈದು ತಿಂಗಳು ಕ್ರಮವಾಗಿ ನಡೆದು ಓಡಿ, ಆ ಹುಡುಗಿಯು ಮರುವರ್ಷದ ಕ್ರೀಡೋತ್ಸವದಲ್ಲಿ ದೂರದ ಓಟವನ್ನು ನಿಲ್ಲದೆ ಮುಗಿಸಿದಳು. ಬಹುಮಾನವೇನೂ ಬರಲಿಲ್ಲ. ಆದರೆ ಅಂದಿನಿಂದ ಮನೆಯಲ್ಲಿ ಯಾರೂ ಅವಳನ್ನು ಮೈಗಳ್ಳಿಯೆಂದು ಕರೆದುದಿಲ್ಲ.

ಆಹಾರದಲ್ಲಿ ದುಬಾರಿಯಾದುದೇನೂ ಬೇಕಾಗಿಲ್ಲ. ನಮ್ಮ ರಾಗಿ, ಹುರುಳಿ, ಹೆಸರುಕಾಳು, ಸೊಪ್ಪುಗಳಲ್ಲಿ ಕಬ್ಬಿಣವಿದೆ. ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಹೇರಳವಾಗಿದೆ. ಧಾನ್ಯ, ಸೊಪ್ಪುಗಳ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳದು. ಆದಕಾರಣ ಕಾಳುಗಳನ್ನು ಮೊಳಕೆ ಬರಿಸಿ, ಊಟದೊಡನೆ ನಿಂಬೆ, ನೆಲ್ಲಿ, ಸೀಬೆಯಂತಹ ಹುಳಿಹಣ್ಣುಗಳನ್ನು ಕೊಡುವುದು ಒಳ್ಳೆಯದು. ಮೀನುಮಾಂಸಗಳನ್ನು ತಿನ್ನುವ ಮನೆಗಳಲ್ಲಿ ಅವು ಹೆಣ್ಣುಮಕ್ಕಳ ತಟ್ಟೆಗೂ ಸರಿಸಮನಾಗಿ ಬೀಳಲಿ. ಊಟದ ಹಿಂದೆಯೇ ಕಾಫಿ, ಚಹಾ ಕುಡಿಯುವ ಅಭ್ಯಾಸವು ಕಬ್ಬಿಣವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿ. ಒಂದು ಗಂಟೆಯಾದರೂ ಅಂತರವಿರಲಿ. ಸರ್ಕಾರದ ವತಿಯಿಂದ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುವು. ಹೊಟ್ಟೆ ತೊಳಸುವುದೆಂದು ಮಕ್ಕಳು ಅದನ್ನು ಕಿಟಕಿಯಿಂದ ಎಸೆಯದಂತೆ, ಊಟವಾದ ಮೇಲೆ ನುಂಗಬೇಕೆಂದು ಮನೆಯಲ್ಲಿ ಹೇಳಿಕೊಡುವುದು. ಏನೂ ತಿನ್ನದೆ ಬರಿಹೊಟ್ಟೆಯಲ್ಲಿ ಶಾಲೆಗೆ ಬರುವವಳಿಗೆ ಯಾವ ಅಧ್ಯಾಪಿಕೆಯೂ ದಮ್ಮನ್ನು ಕಲಿಸಲಾರಳು.

ರಕ್ತದ ಕೊರತೆಗಿಂತಲೂ ಹಟಮಾರಿಯಾದ ಅಡ್ಡಿಯೊಂದಿದೆ. ಅದು ಲೋಕದ ಅಭಿಪ್ರಾಯ. ಹೆಣ್ಣಿನ ದೇಹವು ದೀರ್ಘಶ್ರಮಕ್ಕೆ ತಕ್ಕುದಲ್ಲವೆಂಬ ನಂಬಿಕೆಯು ನಮ್ಮ ದೇಶದಲ್ಲಿ ಮಾತ್ರ ಇದ್ದುದಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಮೊದಲ ಬಾರಿಗೆ 800 ಮೀಟರ್ ಓಟವನ್ನು ಏರ್ಪಡಿಸಿದ್ದರು. ಜರ್ಮನಿಯ ಲೀನಾ ರಾಡ್ಕೆ ಎಂಬಾಕೆಯು 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದಳು. ಅಂತಿಮ ಸ್ಪರ್ಧೆಯಲ್ಲಿ ಓಡಿದ ಒಂಬತ್ತು ಮಂದಿಯೂ ಗುರಿಯನ್ನು ಮುಟ್ಟಿದರು. ಆದರೂ ಓಟಗಾರ್ತಿಯರು ಕುಸಿದು ಬಿದ್ದರೆಂದು ವೃತ್ತಪತ್ರಿಕೆಗಳಲ್ಲಿ ಉತ್ಪ್ರೇಕ್ಷೆಯ ವರದಿಗಳು ಬಂದು, ಆ ಓಟವನ್ನೇ ಕೈಬಿಡಲಾಯಿತು. ಅದು ಮತ್ತೆ ಬಂದುದು 1960ರ ರೋಮ್ ಕ್ರೀಡೆಗಳಲ್ಲಿ, ಮೂವತ್ತೆರಡು ವರ್ಷಗಳ ತರುವಾಯ. 1984ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಸ್ತ್ರೀಯರು ಮೊದಲ ಒಲಿಂಪಿಕ್ ಮ್ಯಾರಥಾನನ್ನು, ಅಂದರೆ 42 ಕಿಲೋಮೀಟರಿಗೂ ಮಿಗಿಲಾದ ಓಟವನ್ನು, ಓಡಿದರು. ಗೆದ್ದ ಜೋನ್ ಬೆನೊಯಿಟ್ ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಮುಗಿಸಿದಳು. ಸ್ತ್ರೀಯರ ದೇಹವು ಈ ನಡುವೆ ಬದಲಾಗಲಿಲ್ಲ. ನೋಡುವವರ ಅಭಿಪ್ರಾಯವು ಬದಲಾಯಿತು. ನಮ್ಮ ನಾಡಿನಲ್ಲಿಯೂ ಕೊಡಗಿನ ಅಶ್ವಿನಿ ನಾಚಪ್ಪನವರು, 2014 ಮತ್ತು 2018ರ ಏಷ್ಯನ್ ಕ್ರೀಡೆಗಳಲ್ಲಿ 4×400 ಮೀಟರ್ ರಿಲೇ ಓಟದ ಚಿನ್ನವನ್ನು ಗೆದ್ದ ತಂಡಗಳಲ್ಲಿದ್ದ ಎಂ. ಆರ್. ಪೂವಮ್ಮನವರು ಇದಕ್ಕೆ ಸಾಕ್ಷಿ.

ಇನ್ನು ಅಭ್ಯಾಸದ ಕ್ರಮವನ್ನು ಹೇಳುವೆನು. ಇದು ಆರೋಗ್ಯವುಳ್ಳ, ಆದರೆ ಓಡಿ ಅಭ್ಯಾಸವಿಲ್ಲದ ಬಾಲಿಕೆಗೆ ಹೇಳಿದ ಹನ್ನೆರಡು ವಾರಗಳ ಕ್ರಮ. ವಾರಕ್ಕೆ ಮೂರು ಅಥವಾ ನಾಲ್ಕು ದಿನ, ನಡುವೆ ಬಿಡುವು ಕೊಟ್ಟು ಮಾಡತಕ್ಕದ್ದು. ಪ್ರತಿಸಲವೂ ಮೊದಲು ಐದು ನಿಮಿಷ ಬಿರುಸಾಗಿ ನಡೆಯಬೇಕು. ಕೊನೆಯಲ್ಲಿ ಐದು ನಿಮಿಷ ಮೆಲ್ಲಗೆ ನಡೆಯಬೇಕು.

1 ಮತ್ತು 2ನೆಯ ವಾರ: 1 ನಿಮಿಷ ಮೆಲ್ಲೋಟ, 2 ನಿಮಿಷ ನಡಿಗೆ; ಹೀಗೆ ಏಳು ಬಾರಿ.
3 ಮತ್ತು 4ನೆಯ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, ಐದು ಬಾರಿ.
5 ಮತ್ತು 6ನೆಯ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಬಾರಿ.
7 ಮತ್ತು 8ನೆಯ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, ಮೂರು ಬಾರಿ.
9 ಮತ್ತು 10ನೆಯ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ, ಎರಡು ಬಾರಿ.
11 ಮತ್ತು 12ನೆಯ ವಾರ: 15 ನಿಮಿಷದಿಂದ ಮೊದಲುಮಾಡಿ, 20 ನಿಮಿಷ ನಿಲ್ಲದೆ ಓಟ.

ಓಟದ ವೇಗವನ್ನು ಅಳೆಯುವುದಕ್ಕೆ ಯಂತ್ರವೇನೂ ಬೇಡ. ಓಡುತ್ತಿರುವಾಗ ಗೆಳತಿಯೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದೇ ತಕ್ಕ ವೇಗ. ಮಾತೂ ಹೊರಡದಿದ್ದರೆ ನಿಧಾನಿಸಬೇಕು. ಒಂದು ವಾರದ ಪಾಠವು ಕಷ್ಟವೆನಿಸಿದರೆ ಅದನ್ನೇ ಮರುವಾರವೂ ಮಾಡಿದಲ್ಲಿ ನಷ್ಟವಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ವಾರಗಳು ಕಳೆದಂತೆ ಆ ಎಣಿಕೆಯು ಇಳಿಯುವುದು ಕಾಣುವುದು. ಹೃದಯವು ಬಲಗೊಂಡು, ಕಡಿಮೆ ಬಡಿತಗಳಲ್ಲಿ ಅದೇ ಕೆಲಸವನ್ನು ಮಾಡುತ್ತಿದೆಯೆಂಬುದಕ್ಕೆ ಅದು ಗುರುತು.

ಮಲೆನಾಡಿನ ಸೆರಗಿನಲ್ಲಿರುವ ನಮಗೆ ಮಳೆಗಾಲದ ತೊಡಕು ಉಂಟು. ಮೈದಾನವು ಕೆಸರಾದ ದಿನಗಳಲ್ಲಿ ಜಗಲಿಯ ಮೇಲೆ ಹಗ್ಗದಾಟ, ನಿಂತಲ್ಲೇ ಓಟ, ಬೈಠಕ್ಕು, ಮೆಟ್ಟಿಲು ಹತ್ತಿ ಇಳಿಯುವುದು ಇವುಗಳನ್ನು ಮಾಡಬಹುದು. ಮಳೆಯ ನೆಪದಿಂದ ಮೂರು ವಾರ ಬಿಟ್ಟುಬಿಟ್ಟರೆ ಗಳಿಸಿದ ದಮ್ಮು ಕುಗ್ಗತೊಡಗುವುದು. ಕುಂಟೆಬಿಲ್ಲೆ, ಖೋ-ಖೋ, ಕಬಡ್ಡಿಗಳೂ ವ್ಯಾಯಾಮಗಳೇ. ಕಬಡ್ಡಿಯಲ್ಲಿ ಒಂದೇ ಉಸಿರಿನಲ್ಲಿ ಮಾತು ನುಡಿಯುತ್ತ ಎದುರಾಳಿಗಳ ನಡುವೆ ಹೋಗಿಬರುವವಳು ದಮ್ಮೆಂಬ ಶಬ್ದದ ಅರ್ಥವನ್ನು ಚೆನ್ನಾಗಿ ಬಲ್ಲಳು.

ಕೆಲವು ಎಚ್ಚರಿಕೆಗಳನ್ನೂ ನೆನಪಿಡತಕ್ಕದ್ದು. ಜ್ವರವಿರುವಾಗ ವ್ಯಾಯಾಮವು ಕೂಡದು. ಗುಣವಾದ ಮೇಲೆ ಒಂದೆರಡು ವಾರ ಹಿಂದಿನ ಪಾಠದಿಂದ ಮತ್ತೆ ತೊಡಗಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಬೇಗ ಅಥವಾ ಸಂಜೆ ತಂಪಾದ ಮೇಲೆ ಮಾತ್ರ ಓಡಿ, ಬಾಯಾರುವ ಮೊದಲೇ ನೀರು ಕುಡಿಯಬೇಕು. ಎದೆನೋವು, ತಲೆಸುತ್ತಿ ಬೀಳುವುದು, ಎದೆಯ ಬಡಿತವು ತಪ್ಪಿದಂತಾಗುವುದು ಇವು ಕಂಡರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಲೇಬೇಕು. ಉಬ್ಬಸವುಳ್ಳ ಹುಡುಗಿಯನ್ನು ಎಂದೆಂದಿಗೂ ಕೂರಿಸಿಬಿಡುವುದು ಸಲ್ಲದು; ವೈದ್ಯರ ಸಲಹೆಯಂತೆ ಔಷಧಿಯನ್ನು ಜೊತೆಯಲ್ಲಿಟ್ಟುಕೊಂಡು ಅವಳೂ ಓಡಬಹುದು. ಋತುಸ್ರಾವದ ದಿನಗಳಲ್ಲಿ ವ್ಯಾಯಾಮವು ಹಾನಿಕರವೆಂಬುದಕ್ಕೆ ಆಧಾರವಿಲ್ಲ. ನೋವು ಹೆಚ್ಚಾಗಿದ್ದರೆ ವಿಶ್ರಮಿಸಲಿ. ಇಲ್ಲವಾದರೆ ಲಘುವಾದ ನಡಿಗೆಯಿಂದ ಅನೇಕರಿಗೆ ನೋವು ತಗ್ಗುವುದೂ ಉಂಟು. ಇದನ್ನು ಮಗಳಿಗೆ ಸಂಕೋಚವಿಲ್ಲದೆ ತಿಳಿಯಹೇಳಲು ತಾಯಿಗಿಂತ ತಕ್ಕವರಿಲ್ಲ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗಳು ಒಂಬತ್ತನೆಯ ತರಗತಿಗೆ ಬಂದೊಡನೆ, “ಇನ್ನು ಮುಂದೆ ಆಟಪಾಟಗಳಿಂದ ಇವಳನ್ನು ಬಿಡತಕ್ಕದ್ದು” ಎಂಬ ಚೀಟಿಗಳು ಶಾಲೆಗೆ ಬರತೊಡಗುವುವು. ಎಸ್.ಎಸ್.ಎಲ್.ಸಿ. ಪರೀಕ್ಷೆಯು ಒಂದು ಕಾರಣ, ದೊಡ್ಡವಳಾದಳೆಂಬುದು ಇನ್ನೊಂದು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ವ್ಯಾಯಾಮವು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ; ಹುಡುಗಿಯರಿಗೆ ವಿನಾಯಿತಿಯನ್ನೇನೂ ಕೊಟ್ಟಿಲ್ಲ. ಎಲುಬಿನಲ್ಲಿ ಸಾರವು ಭರದಿಂದ ಶೇಖರವಾಗುವುದು ಈ ವಯಸ್ಸಿನಲ್ಲಿಯೇ. ಇಂದು ಕೂಡಿಡದವಳು ಮುಪ್ಪಿನಲ್ಲಿ ಎಲ್ಲಿಂದ ತೆಗೆದು ವೆಚ್ಚಮಾಡಬೇಕು? ಆದಕಾರಣ ತಾವು ಅಂತಹ ಚೀಟಿಯನ್ನು ಬರೆಯುವುದಕ್ಕೆ ಮೊದಲು ಮಗಳ ರಕ್ತಪರೀಕ್ಷೆಯನ್ನು ಮಾಡಿಸಿರಿ; ಅವಳಿಗೆ ಅಳತೆಗೆ ಸರಿಯಾದ ಒಂದು ಜೊತೆ ಬೂಟುಗಳನ್ನು ಕೊಡಿಸಿರಿ; ಸಂಜೆಯ ಅರ್ಧ ಗಂಟೆಯನ್ನು ಮನೆಗೆಲಸದಿಂದ ಬಿಡಿಸಿಕೊಡಿರಿ.

ಹಿಂದಿನ ವಿದ್ಯಾರ್ಥಿನಿಯರಿಗೂ ಒಂದು ಮಾತು. ಸಂಸಾರಭಾರವನ್ನು ಹೊತ್ತ ನೀವು, “ನಮ್ಮ ಓಟದ ಕಾಲ ಮುಗಿಯಿತು” ಎಂದು ನಗುವಿರಿ. ಮೇಲೆ ಹೇಳಿದ ಕ್ರಮವನ್ನು ಮೂವತ್ತರಲ್ಲಿಯೂ ನಲವತ್ತರಲ್ಲಿಯೂ, ಅಗತ್ಯವಿದ್ದರೆ ವೈದ್ಯರನ್ನು ಕೇಳಿ, ನಡಿಗೆಯಿಂದ ತೊಡಗಬಹುದು. ವಾರಕ್ಕೆ 150 ನಿಮಿಷಗಳ ಬಿರುಸಾದ ನಡಿಗೆಯಿಂದಲೂ ವಯಸ್ಕರಿಗೆ ಬಹಳ ಪ್ರಯೋಜನವುಂಟು. ನೀವು ಸಂಜೆ ಮಗಳ ಕೈಹಿಡಿದು ನಡೆಯಲು ಹೊರಟರೆ, ನಾವು ಒಂದು ವರ್ಷದಲ್ಲಿ ಕಲಿಸುವುದನ್ನು ಅವಳು ಮನೆಯ ಬಾಗಿಲಿನಲ್ಲಿಯೇ ಕಲಿಯುವಳು.

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಪತ್ರಿಕೆಯನ್ನು ಬರೆದಾಗ, ಅವರು ಚೆನ್ನಾಗಿ ಬಲ್ಲ ಓಟಗಾರರ ದೃಷ್ಟಾಂತವನ್ನೇ ತೆಗೆದುಕೊಂಡನು. ಆ ಪಟ್ಟಣದ ಸಮೀಪದಲ್ಲಿ ಪ್ರಸಿದ್ಧವಾದ ಪಂದ್ಯಗಳು ನಡೆಯುತ್ತಿದ್ದುವು. ಬಹುಮಾನದ ದಿನಕ್ಕಿಂತ ಬಹಳ ಮೊದಲೇ ತೊಡಗುವ ಸಂಯಮವೆಂದರೇನೆಂಬುದನ್ನು ಅವರು ಕಣ್ಣಾರೆ ಕಂಡವರು. ನಮ್ಮ ಮಕ್ಕಳ ಮುಂದಿರುವ ಓಟವು ಮೈದಾನದ್ದು ಮಾತ್ರವಲ್ಲ. ವಿದ್ಯೆ, ಉದ್ಯೋಗ, ಸಂಸಾರ, ಸೇವೆ ಇವೆಲ್ಲವೂ ದೂರದ ಓಟಗಳೇ. ಅವುಗಳಿಗೆ ಬೇಕಾದ ದಮ್ಮನ್ನು ಇಂದಿನಿಂದ, ದಿನಕ್ಕೆ ಒಂದೊಂದು ನಿಮಿಷವಾಗಿ, ಕೂಡಿಸಿಕೊಡುವುದು ಮನೆಗೂ ಶಾಲೆಗೂ ಸಮನಾಗಿ ಸೇರಿದ ಕರ್ತವ್ಯವಾಗಿರುತ್ತದೆ.