ಕಬ್ಬಿನ ಗ್ಯಾಂಗು ಮತ್ತು ಗಾಳಿಯ ಲೆಕ್ಕ

ಕೃಷ್ಣೆ ತುಂಬಿ ಬರುವಾಗ, ಕಲ್ಲೋಳ-ಯಡೂರ ಸೇತುವೆ ಮುಳುಗುವ ಮೊದಲು, ದಡದಲ್ಲಿ ನಿಂತು ನೋಡಿದವರಿಗೆ ಗೊತ್ತು: ನೀರು ಕಂಬಕ್ಕೆ ಬಡಿದು ಇಬ್ಭಾಗವಾಗುತ್ತದೆ, ಕಂಬದ ಬೆನ್ನಿಗೆ ಸುಳಿ ಕಟ್ಟುತ್ತದೆ. ವಿಮಾನದ ರೆಕ್ಕೆಯ ಸುತ್ತ ಗಾಳಿಯದೂ ಇದೇ ಆಟ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಎರಡಕ್ಕೂ ಹೊಂದುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳು 19ನೇ ಶತಮಾನದಲ್ಲೇ ಸಿದ್ಧವಾಗಿದ್ದವು. ಬಿಡಿಸುವುದೇ ಕಷ್ಟ.

ಅದಕ್ಕೊಂದು ಉಪಾಯವಿದೆ. ರೆಕ್ಕೆಯ ಸುತ್ತಲಿನ ಗಾಳಿಯನ್ನು ಸಾವಿರಾರು ಸಣ್ಣ ಮನೆಗಳಾಗಿ ಹೋಳು ಮಾಡಬೇಕು. ಪ್ರತಿ ಮನೆಗೆ ಗಾಳಿ ಎಷ್ಟು ಬಂತು, ಎಷ್ಟು ಹೋಯಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಬರೆಯಬೇಕು. ಕೊನೆಗೆ ರೆಕ್ಕೆಯ ಮೈಮೇಲೆ ಬಿದ್ದ ಒತ್ತಡ ಮತ್ತು ಉಜ್ಜಾಟವನ್ನೆಲ್ಲ ಕೂಡಿಸಿದರೆ ವಿಮಾನವನ್ನು ಎತ್ತುವ ಬಲವೂ ಹಿಂದಕ್ಕೆ ಜಗ್ಗುವ ಬಲವೂ ಸಿಗುತ್ತವೆ. ಲೆಕ್ಕ ಸರಳ, ಆದರೆ ಮುಗಿಯುವಂಥದ್ದಲ್ಲ.

1980ರ ದಶಕದ ನಡುವೆ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ಗೆ ಬಂದ ಸಂಕಟ ಇದೇ. ನಿರ್ದೇಶಕರು ರೊದ್ದಂ ನರಸಿಂಹ. ವಾಯುಸುರಂಗ ಇತ್ತು, ಸಮೀಕರಣ ಬಲ್ಲವರಿದ್ದರು, ದೊಡ್ಡ ಕಂಪ್ಯೂಟರ್ ಇರಲಿಲ್ಲ. ಅಂಥ ಯಂತ್ರವನ್ನು ಅಮೆರಿಕ ಸುಲಭಕ್ಕೆ ಕೊಡುತ್ತಿರಲಿಲ್ಲ. ಆಗ ಯು. ಎನ್. ಸಿನ್ಹಾ ಮತ್ತವರ ಜೊತೆಯವರು ಹಿಡಿದದ್ದು ಅಥಣಿ, ರಾಯಬಾಗದ ಯಾವ ರೈತನೂ ಮೆಚ್ಚುವ ದಾರಿ: ದೊಡ್ಡ ಆಳು ಸಿಗದಿದ್ದರೆ ನಾಲ್ಕು ಸಣ್ಣ ಆಳು.

ಕಬ್ಬು ಕಡಿಯುವ ಗ್ಯಾಂಗು ಹೊಲವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಳ್ಳುತ್ತದಲ್ಲ, ಹಾಗೆ ಗಾಳಿಯ ಹೊಲವನ್ನು ನಾಲ್ಕು ಇಂಟೆಲ್ 8086 ಪ್ರೊಸೆಸರ್‌ಗಳಿಗೆ ಹಂಚಿದರು. ಇದು ಐಬಿಎಂ ಪಿಸಿಯೊಳಗಿದ್ದ ಚಿಪ್ಪಿನ ದಾಯಾದಿ. ದಶಾಂಶದ ಲೆಕ್ಕಕ್ಕೆ ಜೊತೆಗೆ 8087. ತೊಡಕು ಇದ್ದದ್ದು ಬದುವಿನಲ್ಲಿ. ಗಾಳಿಗೆ ಬದು ಗೊತ್ತಿಲ್ಲ, ಈ ಪಟ್ಟಿಯಿಂದ ಆ ಪಟ್ಟಿಗೆ ಹರಿಯುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಸುತ್ತಿಗೂ ಪಕ್ಕದವನಿಗೆ ಅಂಚಿನ ಅಂಕಿ ದಾಟಿಸಬೇಕು. ಒಬ್ಬ ಹಿಂದೆ ಬಿದ್ದರೆ ಉಳಿದ ಮೂವರೂ ಕೊಯ್ತಾ ಕೆಳಗಿಟ್ಟು ಕಾಯಬೇಕು. ಮಾತು ಕಡಿಮೆ, ಕೆಲಸ ಹೆಚ್ಚು ಆಗುವಂತೆ ಹಂಚುವುದರಲ್ಲೇ ಜಾಣತನವೆಲ್ಲ. 1986ರಲ್ಲಿ ಯಂತ್ರ ಓಡಿತು. ಹೆಸರು ಫ್ಲೋಸಾಲ್ವರ್. ಅಮೆರಿಕದ ಕ್ಯಾಲ್ಟೆಕ್‌ನವರು 1983ರಲ್ಲೇ ಇದೇ ಚಿಪ್ಪುಗಳ 64 ಜೋಡಿ ಕೂಡಿಸಿದ್ದರು ನಿಜ. ಆದರೆ ಅವರಿಗೆ ಬೇಕಾದರೆ ದೊಡ್ಡ ಯಂತ್ರವೂ ಸಿಗುತ್ತಿತ್ತು.

ಅದೇ 1986ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಎಂ. ದೇಶಪಾಂಡೆಯವರ ವರದಿಗಳನ್ನು ನಾಸಾ ಪ್ರಕಟಿಸಿತು. ಅವರು ತಲೆಕೆಡಿಸಿಕೊಂಡದ್ದು ಯಂತ್ರಕ್ಕಲ್ಲ, ಲೆಕ್ಕದ ರೀತಿಗೆ. ಶಬ್ದಕ್ಕಿಂತ ವೇಗದ ಹಾರಾಟದಲ್ಲಿ ಗಾಳಿಯ ಒತ್ತಡ ಒಮ್ಮೆಲೇ ಜಿಗಿಯುತ್ತದೆ, ಅಲ್ಲಿ ಸಾದಾ ಲೆಕ್ಕ ತೂರಾಡುತ್ತದೆ. ನಿಪ್ಪಾಣಿಯ ಹೆದ್ದಾರಿ ಬದಿಗೆ ನಿಂತವರಿಗೆ ಅವರ ಯುಕ್ತಿ ತಿಳಿಯುತ್ತದೆ. ಹಾಯುವ ಗಾಡಿಗಳನ್ನೆಲ್ಲ ಒಟ್ಟಿಗೆ ಎಣಿಸಿದರೆ ಫಲವಿಲ್ಲ. ಬೆಳಗಾವಿಯಿಂದ ಇನ್ನೆಷ್ಟು ಬರಲಿವೆ ಎಂದು ತಿಳಿಯಲು ಬೆಳಗಾವಿಗೇ ಫೋನು ಹಚ್ಚಬೇಕು, ಕೊಲ್ಹಾಪುರದವಕ್ಕೆ ಕೊಲ್ಹಾಪುರಕ್ಕೆ. ದೇಶಪಾಂಡೆ ಗಾಳಿಯ ಅಣುಗಳನ್ನೂ ಹಾಗೇ ಎರಡು ಮಾಡಿದರು: ಬಲಕ್ಕೆ ಹೊರಟವುಗಳ ಲೆಕ್ಕ ಎಡ ಮನೆಯಿಂದ, ಎಡಕ್ಕೆ ಹೊರಟವುಗಳದು ಬಲ ಮನೆಯಿಂದ. ಬೋಲ್ಟ್ಸ್‌ಮನ್ 1872ರಲ್ಲಿ ಅಣುಗಳ ಬಗ್ಗೆ ಬರೆದ ಸಮೀಕರಣ ಹೀಗೆ ರೆಕ್ಕೆಯ ಲೆಕ್ಕಕ್ಕೆ ಬಂತು. ಜೆ. ಸಿ. ಮಂಡಲ್ ಜೊತೆ ಬೆಳೆಸಿದ ಈ ವಿಧಾನ ಹೊರದೇಶಗಳಲ್ಲೂ ಕೆಎಫ್‌ವಿಎಸ್ ಎಂದು ಹೆಸರಾಗಿದೆ.

ಫ್ಲೋಸಾಲ್ವರ್ ಮುಂದೆ ಹೊಸ ಚಿಪ್ಪುಗಳೊಂದಿಗೆ ಮತ್ತೆ ಮತ್ತೆ ಹುಟ್ಟಿತು. ರೆಕ್ಕೆಯ ಗಾಳಿಗೆಂದು ಕಟ್ಟಿದ್ದು ಮುಂಗಾರಿನ ಮುನ್ಸೂಚನೆಯ ಲೆಕ್ಕವನ್ನೂ ಹಾಕಿತು. ನಮ್ಮ ಕಡೆಯವರಿಗೆ ಪುಣೆ ಹತ್ತಿರ, ದೇಶದ ಸೂಪರ್ ಕಂಪ್ಯೂಟರ್ ಎಂದರೆ ಅಲ್ಲಿನ ಪರಮ್ ಎನ್ನುತ್ತಾರೆ. ಆದರೆ ಪರಮ್ 8000 ಬಂದದ್ದು ಫ್ಲೋಸಾಲ್ವರ್ ಓಡಿದ ಮೇಲೆ, 1991ರಲ್ಲಿ.